ಕೆರಾಡಿಯ ರವಿಕೆ ಕಣಗಳು

ಜನವರಿ 9, 2013, ಬುಧವಾರ

ಇದೊಂದನ್ನು ಬರೆಯದೇ ಬಿಡುವುದರಲ್ಲಿದ್ದೆ. ಇವತ್ತು ಆಸ್ಪತ್ರೆಯ ಹುಡುಗಿ "ನಿಮ್ಮ ಕುಟುಂಬದಲ್ಲಿ ಯಾರಿಗಾದರೂ ಕ್ಯಾನ್ಸರ್ ಇತ್ತೇ?" ಎಂದು ಕೇಳಿದಾಗ ಒಂದು ಕ್ಷಣವೂ ಯೋಚಿಸದೆ "ನೋ" ಎಂದೆ. ಸುಳ್ಳು ಹೇಳಿದೆನೆಂದು ಬರೆಯುತ್ತಿಲ್ಲ, ನನಗೆ ತಿಳಿದಷ್ಟಕ್ಕೆ ಅದು ನಿಜ. ಬಿಡುವುದರಲ್ಲಿದ್ದದ್ದು ಬೇರೆ: ಆ "ನೋ" ಹೇಳುವಾಗ ನನಗೆ ಸಣ್ಣದೊಂದು ಹೆಮ್ಮೆಯಾಯಿತು. ನಮ್ಮದು ಶುದ್ಧವಾದ ಮನೆತನ, ನಾನೊಬ್ಬಳೇ ಅಪವಾದ ಎನ್ನುವ ಹಾಗೆ.

ಇಪ್ಪತ್ತು ವರ್ಷದಿಂದ ಕುಂದಾಪುರದ ವಿಮಾ ಕಚೇರಿಯಲ್ಲಿ ಇದೇ ಪ್ರಶ್ನೆಯನ್ನು ಕೇಳುವವಳು ನಾನು. ಅರ್ಜಿಯಲ್ಲಿ ಅದಕ್ಕೊಂದು ಚೌಕವಿದೆ. ಪ್ರಶ್ನೆ ಮುಗಿಯುವ ಮೊದಲೇ ಎದುರಿಗೆ ಕುಳಿತವರು "ಇಲ್ಲೆ ಇಲ್ಲೆ" ಎನ್ನುತ್ತಾರೆ. ಅವರು ಅನ್ನುವ ಮೊದಲೇ ನನ್ನ ಪೆನ್ನು "ಇಲ್ಲ" ಎಂಬಲ್ಲಿ ಗೀಟು ಎಳೆದಿರುತ್ತದೆ. ಈ ತಾಲೂಕಿನಷ್ಟು ಆರೋಗ್ಯವಂತ ಜನ ಭೂಮಿಯ ಮೇಲೆ ಇರಲಾರರು. ಎಲ್ಲರ ಹಿರಿಯರೂ ಮುಪ್ಪಿನಿಂದಲೇ ತೀರಿಕೊಂಡವರು. ಕೆಲವರಿಗೆ ಮೂವತ್ತೆಂಟಕ್ಕೇ ಮುಪ್ಪು ಬಂದಿತ್ತು, ಅಷ್ಟೆ.

ಹುಡುಗಿಯ ಹೆಸರು ತನ್ವಿ. ಕಾಲಿಗೆ ಗುಲಾಬಿ ಬಣ್ಣದ ಓಟದ ಬೂಟು. ವಂಶವಾಹಿ ವಿಭಾಗದಲ್ಲಿ ರೋಗಿಗಳಿಗೆ ತಿಳಿಹೇಳುವ ಕೆಲಸವಂತೆ. ಬ್ರಹ್ಮಾವರದ ಒಳರಸ್ತೆಯಲ್ಲಿ ವಿಶ್ವವಿದ್ಯಾಲಯದವರು ಕಟ್ಟಿಸಿದ ಈ ಕ್ಯಾನ್ಸರ್ ಚಿಕಿತ್ಸಾ ಮತ್ತು ಸಂಶೋಧನಾ ಕೇಂದ್ರದಲ್ಲಿ ಚಿಕಿತ್ಸೆಗೆ ಎರಡು ಮಹಡಿ, ಸಂಶೋಧನೆಗೆ ಮೂರು. ನಾನು ಎರಡಕ್ಕೂ ಉಪಯೋಗಕ್ಕೆ ಬರುವವಳೆಂದು ಅವರಿಗೆ ಸಂತೋಷ. ಸೆಪ್ಟೆಂಬರಿನಲ್ಲಿ ಎಡಗಡೆಯದ್ದನ್ನು ತೆಗೆದರು, ದೀಪಾವಳಿಯ ಹೊತ್ತಿಗೆ ಕೂದಲು ಹೋಯಿತು, ಈಗ ದಿನವೂ ವಿಕಿರಣ. ಇವತ್ತು ಸಂಶೋಧನೆಗೆಂದು ರಕ್ತವನ್ನೂ ಕೊಟ್ಟೆ. ತನ್ವಿ ಒಂದು ಹಾಳೆಯಲ್ಲಿ ನನ್ನ ಕುಟುಂಬವನ್ನು ಬಿಡಿಸಿದಳು. ಗಂಡಸಿಗೆ ಚೌಕ, ಹೆಂಗಸಿಗೆ ಸೊನ್ನೆ, ಕಾಯಿಲೆಯವರದ್ದನ್ನು ಕಪ್ಪು ಮಾಡಬೇಕು. ಸುತ್ತ ಬೆಳ್ಳಗಿನ ಸೊನ್ನೆಗಳು, ನಡುವೆ ಕಾಡಿಗೆ ಬೊಟ್ಟಿನ ಹಾಗೆ ನಾನು.

ಪ್ರತಿವರ್ಷ ಕಚೇರಿಯಿಂದ ಬರುವ ಡೈರಿಯನ್ನು ಯಾರಿಗಾದರೂ ದಾನ ಮಾಡುತ್ತಿದ್ದೆ. ಈ ಸಲ ಇಟ್ಟುಕೊಂಡಿದ್ದೇನೆ. ಪುಟದ ಅಡಿಯಲ್ಲಿ ದಿನಕ್ಕೊಂದು ಸೂಕ್ತಿ. ಇವತ್ತಿನದು: "ಇಂದಿನ ಮುನ್ನೆಚ್ಚರಿಕೆ, ನಾಳಿನ ನೆಮ್ಮದಿ."

ಜನವರಿ 15, ಮಂಗಳವಾರ

ವಿಕಿರಣದ ಕೋಣೆಯ ಚಾವಣಿಗೆ ಹಿಮದ ಬೆಟ್ಟದ ಚಿತ್ರ ಅಂಟಿಸಿದ್ದಾರೆ. ಅಂಗಾತ ಮಲಗಿದವರಿಗೆ ನೆಮ್ಮದಿಯಾಗಲಿ ಎಂದಂತೆ. ಕೋಡಿಯ ಕಡಲು ಕಂಡು ಬೆಳೆದವರು ಇಲ್ಲಿ ಬಂದು ಸ್ವಿಟ್ಜರ್ಲೆಂಡ್ ನೋಡಿಕೊಂಡು ಗುಣವಾಗಬೇಕು.

ಕೋಟೇಶ್ವರದ ಮನೆಗೆ ಬಂದರೆ ನೋಡಲು ಬಂದವರು. ಒಬ್ಬರು ರಾಮಫಲ ಎಂದರು, ಒಬ್ಬರು ಗೋಮೂತ್ರ ಎಂದರು. ಇನ್ನೊಬ್ಬರು ಏನೂ ಹೇಳದೆ ನನ್ನ ಸೆರಗಿನ ಎಡಭಾಗವನ್ನೇ ನೋಡುತ್ತ ಎರಡು ಲೋಟ ಚಹಾ ಕುಡಿದರು. ಕಾಯಿಲೆಯ ಹೆಸರನ್ನು ಮಾತ್ರ ಯಾರೂ ಎತ್ತಲಿಲ್ಲ. ನಮ್ಮ ಕಡೆ ಅದಕ್ಕೆ ಹೆಸರಿಲ್ಲ. "ಗಡ್ಡೆ" ಎನ್ನಬಹುದು. ಕೂದಲಿಗೆ ನನ್ನ ಗಂಡ ಕಮಲಾಕ್ಷ ಟೈಫಾಯ್ಡ್ ಎಂದು ಹೇಳಿಕೊಂಡಿದ್ದಾರೆ. ಬಲೆ, ಹಗ್ಗ ಮಾರುವ ಅಂಗಡಿಯವರಾದ್ದರಿಂದ ಅವರ ಮಾತಿಗೆ ವೈದ್ಯಕೀಯ ತೂಕವಿದೆ.

ಬೈಂದೂರಿನಿಂದ ಅಕ್ಕ ಸ್ನೇಹಲತಾಳ ಫೋನ್. ಅವಳ ಮಗಳು ಧನ್ಯಶ್ರೀಗೆ ಶಿರೂರಿನ ರತನ್ ಎಂಬ ಹುಡುಗ ಒಪ್ಪಿಗೆಯಾಗಿದ್ದಾನೆ, ಮೇ ಕೊನೆಗೆ ಮದುವೆ. ನನ್ನ ಆರೋಗ್ಯ ವಿಚಾರಿಸಿದ ಮೇಲೆ ಅಕ್ಕ ದನಿ ತಗ್ಗಿಸಿ, "ಪುಷ್ಪ, ಗಂಡಿನ್ ಕಡಿಯರ್ ಕೇಂಡ್ರೆ ಗಡ್ಡಿ ಅಂದೇಳಿ ಹೇಳ್, ಆಯ್ತಾ? ಬೇರೆಂತ ಹೇಳುಕ್ ಹೋಯ್‌ಬ್ಯಾಡ" ಎಂದಳು. ಧನ್ಯಳ ಮದುವೆಗೆ ನನ್ನ ಎದೆ ಅಡ್ಡ ಬರಬಾರದು, ನಿಜ. ಅದು ಅಡ್ಡ ಬರುವ ಸ್ಥಿತಿಯಲ್ಲೂ ಇಲ್ಲ.

ನಮಗೆ ಮಕ್ಕಳಿಲ್ಲ. ಧನ್ಯ ಚಿಕ್ಕವಳಿದ್ದಾಗ ರಜೆಯೆಲ್ಲ ಇಲ್ಲೇ ಇರುತ್ತಿದ್ದಳು. ಈಗ ಬೈಂದೂರಿನ ಸೊಸೈಟಿಯಲ್ಲಿ ಕೆಲಸ.

ಜನವರಿ 28, ಸೋಮವಾರ

ಬಸ್ ಸ್ಟ್ಯಾಂಡಿನ ಬಳಿಯ ಟೈಲರ್ ಮುತ್ತು ಅಂಗಡಿಯಿಂದಲೇ ಕೂಗಿದಳು, "ಹ್ವಾಯ್ ಪುಷ್ಪಕ್ಕ, ಮದ್ವಿ ರವಕಿ ಹೊಲ್ಸುದಿಲ್ಲ್ಯಾ?" ನನ್ನ ಅಳತೆ ಅವಳಿಗೆ ಬಾಯಿಪಾಠ. ಅದೇ ತೊಂದರೆ. "ಹೊಸದಾಗಿ ಅಳತೆ ತೆಗೀಬೇಕು" ಎನ್ನುವ ಬದಲು "ಬಸ್ ಬಂತು" ಎಂದೆ. ಬಸ್ ಬಂದಿರಲಿಲ್ಲ. ಅವಳಿಗೆ ಕಾಣದಂತೆ ಹೈವೇ ಅಗಲ ಮಾಡಲು ತೋಡಿದ ಹೊಂಡದಾಚೆ ಹೋಗಿ ನಿಂತೆ. ಆ ಹೊಂಡಕ್ಕೂ ಒಂದು ಉಪಯೋಗ ಸಿಕ್ಕಿತು.

ಫೆಬ್ರವರಿ 5, ಮಂಗಳವಾರ

ಪದ್ದು ದೊಡ್ಡಮ್ಮ ಬಂದಿದ್ದರು. ಅಮ್ಮನ ಅಕ್ಕ. ಮೊನ್ನೆಮೊನ್ನೆಯವರೆಗೂ ಬುಟ್ಟಿ ಹೊತ್ತು ಮೀನು ಮಾರಿದವರು. ಅಂಗಳದಲ್ಲಿ ನಿಂತೇ ಶುರುಮಾಡಿದರು.

"ಹ್ವಾಯ್, ಒಳ್ಗ್ ಯಾರಿದ್ರಿ? ಕಾಣಿ ಮೀನ್ ತಂದಿದೆ. ಎಂತ ಹೆಣ್ಣೇ ಹೀಂಗ್ ಬಡ್ಕ್ ಆಯ್ದೆ? ಅಷ್ಟ್ ದೊಡ್ಡ್ ಆಸ್ಪತ್ರಿ ಕಟ್ಟಿದ್ರ್, ಊಟ ಹಾಕುದಿಲ್ಲ್ಯಾ?"

ಕತ್ತಿ ತೆಗೆದುಕೊಂಡು ಮೀನು ಹಸನು ಮಾಡಲು ಕುಳಿತರು. ನಾನು ಎದುರಿಗೆ ಮಣೆಯ ಮೇಲೆ.

"ಏಪ್ರಿಲಲ್ಲ್ ಧನ್ಯಂಗೆ ಕಣ ಇಡುಕಿತ್ತ್. ಈ ಸರ್ತಿ ಕೆರಾಡಿಗ್ ನೀನೂ ಬರ್ಕ್."

"ನನಗೆ ಅದರಲ್ಲಿ ನಂಬಿಕೆ ಇಲ್ಲ ದೊಡ್ಡಮ್ಮ."

"ನಂಬ್ಕಿ ಯಾರ್ ಕೇಂಡದ್? ಕಾಲ್ ಇತ್ತಲೆ, ಬಾ."

ನಮ್ಮಲ್ಲಿ ಬಳಿ, ಅಂದರೆ ಕುಲ, ತಾಯಿಯಿಂದ ಬರುತ್ತದೆ. ಅಮ್ಮನ ಬಳಿಯೇ ಮಕ್ಕಳ ಬಳಿ. ನಮ್ಮ ಬಳಿಯ ಹುಡುಗಿಗೆ ಮದುವೆ ನಿಶ್ಚಯವಾದರೆ, ಮೊದಲು ಅವಳನ್ನು ಕೆರಾಡಿಯ ಕಾಡಂಚಿನ ಮೂಲ ನಾಗಬನಕ್ಕೆ ಕರೆದೊಯ್ಯುತ್ತಾರೆ. ಹೊತ್ತಿಗೆ ಮೊದಲೇ ಹೋದ ಹೆಂಗಸರ ಹೆಸರನ್ನು ಹಿರಿಯಳೊಬ್ಬಳು ಒಂದೊಂದಾಗಿ ಕೂಗಿ, ಒಬ್ಬೊಬ್ಬರಿಗೆ ಒಂದೊಂದು ಕೆಂಪು ರವಿಕೆ ಕಣ, ಹೊಲಿಯದ ರವಿಕೆ ಬಟ್ಟೆ, ಇಡುತ್ತಾಳೆ. ಯಾವುದೋ ಕಾಲದ ಅಜ್ಜಿ ನಾಗನ ಮರಿಗಳಿದ್ದ ಹುತ್ತವನ್ನು ಅಗೆಸಿದ್ದಳಂತೆ, "ನಿನ್ನ ಬಳಿಯ ಹೆಣ್ಣುಗಳು ಮೊಮ್ಮಕ್ಕಳ ಮದುವೆ ಕಾಣಲಿಕ್ಕಿಲ್ಲ" ಎಂದು ಶಾಪವಂತೆ, ಬಳಿಗೆ ದೋಷವಂತೆ. ಕಾನ್ವೆಂಟಿನ ಐದನೇ ತರಗತಿಯಲ್ಲೇ ನಾನು ಇದನ್ನು ಮೂಢನಂಬಿಕೆಯ ಡಬ್ಬಿಗೆ ಹಾಕಿ ಮುಚ್ಚಳ ಬಿಗಿದಿದ್ದೆ. ನನ್ನ ಮದುವೆಯಲ್ಲಿ ಜ್ವರದ ನೆಪ ಹೇಳಿ ಹೋಗಿರಲಿಲ್ಲ.

"ಯಾರ್ಯಾರಿಗೆ ಇಡುವುದು?" ಎಂದೆ, ಮಾತಿಗೆ.

"ಚಂದು ಅಜ್ಜಿಗೆ. ಎದಿ ಹುಣ್ಣಾಯಿ ಹೋದ್ಳ್. ಅವ್ಳ ತಂಗಿ ಮುತ್ತಗೆ, ಅವ್ಳಿಗ್ ಎದಿ ಕಲ್ಲಾಯಿತ್. ಆ ಮುತ್ತನ್ ಮಗ್ಳ್ ಗೌರಿಗೆ, ಅದ್ಕೂ ಹುಣ್ಣೇ. ಮತ್ ನಿನ್ನಬ್ಬಿಗೆ."

"ಅಮ್ಮನದ್ದು ಲಿವರ್."

"ಹೌದ್ ಹೌದ್. ಹೊಟ್ಟಿ ನೀರ್ ತುಂಬಿ ಕುಂಬ್ಳಕಾಯಿ ಆಯಿತಲೆ, ಲೀವರ್ರೇ." ದೊಡ್ಡಮ್ಮ ಮೀನಿನ ಹೊಟ್ಟೆ ಸೀಳಿದರು. "ಆ ಕಾಲ್ದಂಗೆ ಡಾಕ್ಟ್ರಿಗೂ ಅದೊಂದೇ ಗೊತ್ತಿದ್ದದ್ದ್."

1997ರಲ್ಲಿ ಅಮ್ಮ ಹೋದಾಗ, ಅವರ ಹೆಸರಿಗೂ ಕಣ ಇಡಬೇಕೆಂದದ್ದಕ್ಕೆ ಇದೇ ದೊಡ್ಡಮ್ಮನ ಜೊತೆ ನಾನು ಜಗಳವಾಡಿದ್ದೆ. "ನನ್ನ ಅಮ್ಮ ಕಾಯಿಲೆಯಿಂದ ಸತ್ತದ್ದು, ನಿಮ್ಮ ನಾಗನಿಂದಲ್ಲ" ಎಂದಿದ್ದೆ. ಇವತ್ತು ಮಣೆಯ ಮೇಲೆ ಕುಳಿತು "ಎದೆ ಕಲ್ಲಾಗುವುದು" ಎಂಬುದನ್ನು ಮನಸ್ಸಿನಲ್ಲೇ ಇಂಗ್ಲಿಷಿಗೆ ತಿರುಗಿಸಿದೆ. ತಿರುಗಿಸಿದ ಮೇಲಷ್ಟೇ ಅರ್ಥವಾಯಿತು. ನನ್ನನ್ನು ಇಂಗ್ಲಿಷ್ ಶಾಲೆಗೆ ಹಾಕಿದ್ದು ಬುದ್ಧಿ ಬರಲಿ ಎಂದು.

ಶಾಪವನ್ನು ಎಸೆಯುವಾಗ ಅದರೊಳಗೆ ಸುತ್ತಿಟ್ಟಿದ್ದ ಹೆಣಗಳನ್ನೂ ಎಸೆದಿದ್ದೆ.

"ನೀವು ಹೇಗೆ ಉಳಿದಿರಿ ದೊಡ್ಡಮ್ಮ?"

"ಅದ್ ನಾಗನ್ನೇ ಕೇಣ್. ಅವ್ನಿಗೂ ಮೀನ್ ವಾಸ್ನಿ ಆತಿಲ್ಲೆ ಕಾಂತ್."

ಫೆಬ್ರವರಿ 15, ಶುಕ್ರವಾರ

ವಿಕಿರಣದ ಕೊನೆಯ ದಿನ. ಸಿಬ್ಬಂದಿ ಚಪ್ಪಾಳೆ ತಟ್ಟಿ ಒಂದು ಗುಲಾಬಿ ಕೊಟ್ಟರು. ಅದರ ಮುಳ್ಳನ್ನೆಲ್ಲ ಕಿತ್ತಿದ್ದರು.

ತನ್ವಿಯ ಬಳಿಗೆ ಹೋಗಿ ನನ್ನ "ನೋ" ವಾಪಸ್ ತೆಗೆದುಕೊಂಡೆ. ಚಂದು ಅಜ್ಜಿ, ಮುತ್ತ, ಗೌರಿ, ಅಮ್ಮನ ಹೊಟ್ಟೆಯ ನೀರು. ಅವಳ ಕಣ್ಣುಗಳು ಅರಳುತ್ತ ಹೋದವು. "ಹೊಟ್ಟೆಯ ನೀರು ಅಂಡಾಶಯದ್ದಿರಬಹುದು ಮೇಡಂ. ಸ್ತನದ ಕ್ಯಾನ್ಸರೂ ಅದೂ ಒಂದೇ ಜೀನಿನಿಂದ ಬರಬಹುದು. ವಾಟ್ ಎ ಬ್ಯೂಟಿಫುಲ್ ಫ್ಯಾಮಿಲಿ!" ಎಂದಳು. ಆಮೇಲೆ ನಾಲಿಗೆ ಕಚ್ಚಿಕೊಂಡಳು. ನಾನು ಬೇಸರಿಸಲಿಲ್ಲ. ನಮ್ಮ ಮನೆತನವನ್ನು ಸುಂದರ ಎಂದು ಯಾರೂ ಇದುವರೆಗೆ ಹೇಳಿರಲಿಲ್ಲ.

ಖಾಲಿ ಚಾರ್ಟೊಂದನ್ನೂ ವಿಳಾಸ ಬರೆದ ಲಕೋಟೆಯನ್ನೂ ಕೊಟ್ಟಿದ್ದಾಳೆ. ಮನೆಯ ಹಿರಿಯರನ್ನು ಕೇಳಿ ತುಂಬಿಸಿ ಅಂಚೆಯಲ್ಲಿ ಕಳಿಸಬೇಕಂತೆ. ಕೆರಾಡಿಗೆ ಹೋಗಲು ನನಗೀಗ ವೈಜ್ಞಾನಿಕ ಕಾರಣ ಸಿಕ್ಕಿದೆ. ಅದಿಲ್ಲದಿದ್ದರೆ ಹೋಗುತ್ತಿದ್ದೆನೇ? ಗೊತ್ತಿಲ್ಲ.

ಮಾರ್ಚ್ 22, ಶುಕ್ರವಾರ

ಜನವರಿಯಲ್ಲಿ ಕೊಟ್ಟ ರಕ್ತದ ಫಲಿತಾಂಶ. ಮೇಜಿನ ಮೇಲೆ ಟಿಶ್ಯೂ ಪೆಟ್ಟಿಗೆಯನ್ನು ನನ್ನ ಕಡೆಗೆ ತಿರುಗಿಸಿಟ್ಟದ್ದನ್ನು ನೋಡಿದಾಗಲೇ ತಿಳಿಯಿತು. ಜೀನಿನಲ್ಲಿ ದೋಷವಿದೆ. ಹೌದು, ತನ್ವಿಯ ಬಾಯಲ್ಲೂ ಅದೇ ಮಾತು, ದೋಷ.

ಅಕ್ಕನಿಗೆ ಇರುವ ಸಂಭವ ಅರ್ಧಕ್ಕರ್ಧ. ಅಕ್ಕನಿಗಿದ್ದರೆ ಧನ್ಯಳಿಗೂ ಅರ್ಧಕ್ಕರ್ಧ. ಮೊದಲೇ ಗೊತ್ತಾದರೆ ವರ್ಷವರ್ಷ ಪರೀಕ್ಷೆ ಮಾಡಿಸಿಕೊಳ್ಳಬಹುದು, ಸಣ್ಣದಿದ್ದಾಗಲೇ ಹಿಡಿಯಬಹುದು, ಬದುಕಬಹುದು. "ಅವರಿಗೆ ನಾವು ಫೋನ್ ಮಾಡುವ ಹಾಗಿಲ್ಲ ಮೇಡಂ, ನೀವೇ ಹೇಳಬೇಕು" ಎಂದಳು.

ಐದು ಮಹಡಿ, ಕೋಟಿಗಟ್ಟಲೆಯ ಯಂತ್ರಗಳು. ಕೊನೆಯ ಕೆಲಸ ಮಾತ್ರ ನನ್ನ ಬಾಯಿಯದ್ದು.

ಮಾರ್ಚ್ 24, ಭಾನುವಾರ

ಬೈಂದೂರಿಗೆ ಹೋಗಿ ಬಂದೆ. ಧನ್ಯ ಪೇಟೆಗೆ ಹೋಗಿದ್ದಳು. ಅಕ್ಕ ಒಳಕೋಣೆಯ ಬಾಗಿಲು ಹಾಕಿಕೊಂಡು ಕೇಳಿದಳು. ಮುಗಿಯುವವರೆಗೂ ಮದುವೆಯ ಸೀರೆಯ ಅಂಚನ್ನು ಮಡಚುತ್ತ, ಬಿಚ್ಚುತ್ತ ಇದ್ದಳು.

"ಆಯ್ತ್. ಮದ್ವಿ ಆಯ್ಲಿ. ಆಮೇಲ್ ಕಾಂಬ."

"ಅಕ್ಕ, ಧನ್ಯಂಗ್ ಹೇಳ್ಕ್. ನಿಂಗೂ ಟೆಸ್ಟ್ ಆಯ್ಕ್."

"ನಂಗೆಂತ ಆಯ್ದಿಲ್ಲೆ."

"ನಂಗೂ ಆಯ್ದಿರ್ಲಿಲ್ಲೆ, ಹೋದ್ ವರ್ಷ."

"ಬಾಯ್ ಮುಚ್ಚ್ ಪುಷ್ಪ! ಶಿರೂರ್‌ಗ್ ಗೊತ್ತಾರೆ ಮುಗೀತ್. ಹೆಣ್ಣ್ ಮನಿಯಂಗೇ ಕೂಕಣ್ಕ್. ನಿಂಗ್ ಒಂದ್ ಮಗು ಇದ್ದಿರೆ ಗೊತ್ತಾತಿತ್ತ್."

ಹೊರಡುವಾಗ ಅಕ್ಕ ಹಲಸಿನ ಹಪ್ಪಳದ ಕಟ್ಟು ಕೊಟ್ಟಳು, ತೆಗೆದುಕೊಂಡೆ. ನಮ್ಮಲ್ಲಿ ಬೈದು ಕಳಿಸುವಾಗಲೂ ಬರಿಗೈಯಲ್ಲಿ ಕಳಿಸುವ ಕ್ರಮವಿಲ್ಲ.

ಅಕ್ಕ ಹೇಳಿದ್ದರಲ್ಲಿ ತಪ್ಪೇನಿದೆ ಎಂದು ಬಸ್ಸಿನಲ್ಲಿ ಬೈಂದೂರಿನಿಂದ ತಲ್ಲೂರಿನವರೆಗೆ ಯೋಚಿಸಿದೆ. ತಲ್ಲೂರು ದಾಟಿದ ಮೇಲೆ ನಾನು ಹೇಳಿದ್ದರಲ್ಲಿ ತಪ್ಪೇನಿದೆ ಎಂದು. ಎರಡರಲ್ಲೂ ಸಿಗಲಿಲ್ಲ.

ಏಪ್ರಿಲ್ 14, ಭಾನುವಾರ

ಕೆರಾಡಿ. ನಾವು ಕಡಲ ಮಕ್ಕಳು, ನಮ್ಮ ಮೂಲ ನಾಗ ಮಾತ್ರ ಕಾಡಿನಲ್ಲಿ. ಜೀಪಿನಲ್ಲಿ ದೊಡ್ಡಮ್ಮ ಮುಂದೆ. ಅಕ್ಕ, ಧನ್ಯ ಮತ್ತು ನಾನು ಹಿಂದೆ. ಅಕ್ಕ ನನ್ನೊಡನೆ ಹವಾಮಾನದ ಬಗ್ಗೆ ಮಾತ್ರ ಮಾತಾಡಿದಳು. ಸೆಕೆ ಹೌದು.

ಬನವೆಂದರೆ ನಾಲ್ಕು ಬಳ್ಳಿ ಸುತ್ತಿದ ಮರ, ಹಾವಸೆ ಹಿಡಿದ ಕಲ್ಲುಗಳು. ದೊಡ್ಡಮ್ಮ ಚೀಲದಿಂದ ಕಣಗಳನ್ನು ತೆಗೆದು, ಒಂದೊಂದನ್ನೂ ಬಾಳೆಎಲೆಯ ಮೇಲೆ ಹಾಸಿ, ದೋಣಿಯವರನ್ನು ದಡದಿಂದ ಕರೆಯುವ ದನಿಯಲ್ಲಿ ಕೂಗಿದರು. "ಓ ಚಂದೂ... ನಿನ್ ಬಳಿ ಹೆಣ್ಣ್ ಬಂದಿತ್, ಕಾಣ್. ಓ ಮುತ್ತಾ..." ಪ್ರತಿ ಹೆಸರಿಗೂ ಧನ್ಯ ಬಗ್ಗಿ ಕಣವನ್ನು ಮುಟ್ಟಿ ಕೈಮುಗಿಯಬೇಕು. ನಾನು ಮರದ ಬೇರಿನ ಮೇಲೆ ಕುಳಿತು, ಬಲ್ಲವಳ ಹಾಗೆ, ತನ್ವಿಯ ಚಾರ್ಟಿಗೆಂದು ಕರಡು ಹಾಳೆಯಲ್ಲಿ ಸೊನ್ನೆಗಳನ್ನು ಬರೆಯುತ್ತಿದ್ದೆ. ಯಾರ ಮಗಳು ಯಾರು, ಯಾವ ವಯಸ್ಸು ಎಂದು ನಡುವೆ ಕೇಳಿದರೆ ದೊಡ್ಡಮ್ಮ ಗದರಿದರು. "ಹೆಸ್ರ್ ಕರೂವಾಗ ಲೆಕ್ಕ ಕೇಂಬುಕಾಗ, ಸುಮ್ನಿರ್."

ಕೊನೆಗೆ ಅಮ್ಮನ ಹೆಸರು. "ಓ ಗೋಮತೀ..."

ನನ್ನ ಪೆನ್ನು ನಿಂತಿತು. ಹದಿನಾರು ವರ್ಷದಲ್ಲಿ ಆ ಹೆಸರನ್ನು ಯಾರೂ ಅಷ್ಟು ಗಟ್ಟಿಯಾಗಿ ಕರೆದದ್ದು ನನಗೆ ನೆನಪಿಲ್ಲ. ಯಾಕೆಂದು ತಿಳಿಯದೆ ಎದ್ದುನಿಂತೆ. ಕಾಲು ಜೋಮು ಹಿಡಿದಿತ್ತು, ಅದಕ್ಕಿರಬೇಕು.

ಹೆಸರೆಲ್ಲ ಮುಗಿದ ಮೇಲೂ ದೊಡ್ಡಮ್ಮನ ಚೀಲದಲ್ಲಿ ಒಂದು ಕಣ ಉಳಿದಿತ್ತು. ನಾನು ಕಂಡೆ. ನಾನು ಕಂಡದ್ದನ್ನು ಅವರೂ ಕಂಡು ಚೀಲದ ಬಾಯಿ ಕಟ್ಟಿದರು. ದೂರದೃಷ್ಟಿ ಒಳ್ಳೆಯದೇ. ನಮ್ಮ ಕಚೇರಿಯೂ ಅದನ್ನೇ ಬೋಧಿಸುತ್ತದೆ.

ಪ್ರಸಾದ ತಿನ್ನುವಾಗ ಧನ್ಯ ಪಕ್ಕಕ್ಕೆ ಬಂದಳು. "ಎಂತ ಚಿಕ್ಕಿ ಅದ್, ಕಪ್ಪ್ ಕಪ್ಪ್ ಸೊನ್ನಿ?"

"ಆಫೀಸಿಂದ್."

"ಅಜ್ಜಿ ಹೆಸ್ರಿತ್ತಲೆ ಇದ್ರಂಗೆ." ಬೆರಳಿಟ್ಟು ಕೆಳಗಿಳಿದಳು. ಅಜ್ಜಿಯಿಂದ ಅಕ್ಕನಿಗೆ, ಅಕ್ಕನಿಂದ ತನಗೆ. "ಇದ್ ನಾನಾ? ಇದ್ರ್ ಹತ್ರ ಪ್ರಶ್ನಿ ಗುರ್ತ್ ಎಂತಕ್ಕೆ?"

ಆಚೆ ಬದಿಯಿಂದ ಅಕ್ಕ ನೋಡುತ್ತಿದ್ದಳು. ಬಾಯಲ್ಲಿ ಅವಲಕ್ಕಿ ಇಟ್ಟುಕೊಂಡು, ಅಗಿಯದೆ.

"ನಿನ್ನ ವಯಸ್ಸು ಸರಿಯಾಗಿ ಗೊತ್ತಿರ್ಲಿಲ್ಲ" ಎಂದೆ.

ಏಪ್ರಿಲ್ 15, ಸೋಮವಾರ

ಅವಳು ಹುಟ್ಟಿದಾಗ ಆಸ್ಪತ್ರೆಯ ಹೊರಗೆ ಬೆಂಚಿನ ಮೇಲೆ ಕುಳಿತಿದ್ದವಳು ನಾನು. ವಯಸ್ಸು ಗೊತ್ತಿರಲಿಲ್ಲವಂತೆ.

ಏಪ್ರಿಲ್ 27, ಶನಿವಾರ

ಆದದ್ದನ್ನು ಆದ ಹಾಗೆ ಬರೆಯುತ್ತೇನೆ.

ಹನ್ನೊಂದರ ಹೊತ್ತಿಗೆ ಧನ್ಯ ಕಚೇರಿಗೆ ಬಂದಳು. ಮದುವೆಗೆ ಮೊದಲು ತನ್ನ ಸಂಬಳದಲ್ಲಿ ತನ್ನದೇ ಒಂದು ಪಾಲಿಸಿ ಮಾಡಿಸುತ್ತಾಳಂತೆ. "ನಿಮ್ಮ್ ಹೆಸ್ರಲ್ ಆಯ್ಲಿ ಚಿಕ್ಕಿ, ಟಾರ್ಗೆಟ್ ಅಂದೇಳಿ ಒದ್ದಾಡ್ತಿರ್ತ್ರಿ" ಎಂದು ನಕ್ಕಳು. ಅರ್ಜಿ ತೆಗೆದೆ. ಹೆಸರು, ಹುಟ್ಟಿದ ದಿನ, ಎತ್ತರ, ತೂಕ. ಕೈ ಇಪ್ಪತ್ತು ವರ್ಷದ ಅಭ್ಯಾಸದಲ್ಲಿ ಓಡಿತು. ಆ ಪ್ರಶ್ನೆ ಬಂತು.

"ಕುಟುಂಬದಲ್ಲಿ ಯಾರಿಗಾದರೂ..." ಎಂದು ಓದಿದೆ.

"ಇಲ್ಲೆ ಇಲ್ಲೆ" ಎಂದಳು. ಫೋನ್ ನೋಡುತ್ತಿದ್ದಳು.

ಪೆನ್ನು "ಇಲ್ಲ"ದ ಮೇಲೆ ಇತ್ತು. ಒತ್ತಿದರೆ ಮುಗಿಯಿತು. ಎಷ್ಟು ಸಾವಿರ ಸಲ ಒತ್ತಿಲ್ಲ? ಒತ್ತಲಾಗಲಿಲ್ಲ. ಧೈರ್ಯ ಬಂತೆಂದು ಬರೆದರೆ ಚೆನ್ನಾಗಿರುತ್ತದೆ, ಆದರೆ ಬಂದದ್ದು ಧೈರ್ಯವಲ್ಲ. ತಪ್ಪು ಉತ್ತರ ಬರೆದು ಸಹಿ ಹಾಕಿಸಿದರೆ ಆಮೇಲೆ ಪಾಲಿಸಿ ನಿಲ್ಲುವುದಿಲ್ಲ ಎಂಬ ಗುಮಾಸ್ತೆಯ ಭಯವೂ ಅದರಲ್ಲಿತ್ತು.

"ಧನ್ಯ, ಫೋನ್ ಕೆಳಗಿಡು" ಎಂದೆ.

ಹೇಳಿದೆ. ಚಂದು ಅಜ್ಜಿಯಿಂದ ಶುರುಮಾಡಿ ನನ್ನವರೆಗೆ. ಪಕ್ಕದ ಮೇಜಿನಲ್ಲಿ ಯಾರೋ ಬೋನಸ್ಸಿನ ಬಗ್ಗೆ ತಕರಾರು ಮಾಡುತ್ತಿದ್ದರು.

"ಅಬ್ಬಿಗ್ ಗೊತ್ತಿತ್ತಾ?"

"ಹೌದು."

"ಪದ್ದಜ್ಜಿಗೆ?"

"ಅವರದ್ದೇ ರೀತಿಯಲ್ಲಿ, ಹೌದು."

"ನಾಗಂಗೂ ಗೊತ್ತಿತ್ತ್. ನಂಗ್ ಮಾತ್ರ ಇಲ್ಲೆ." ರಪ್ಪನೆ ಅರ್ಜಿಯನ್ನು ಮೇಜಿನ ಮೇಲೆ ತಿರುಗಿಸಿಟ್ಟಳು. "ಅಲ್ಲ್ ಕೆರಾಡಿಯಂಗೆ ನಾನ್ ಒಬ್ಬೊಬ್ರಿಗೂ ಕೈ ಮುಗೂವಾಗ, ನೀವ್ ಎಲ್ಲ ಸುತ್ತ ನಿಂತ್ಕಂಡ್ ಕಾಂತಿದ್ರಿ ಅಲ್ದಾ?"

"ಹೌದು."

"ಕಾಣ್ಸಿ."

"ಏನು?"

"ಅದೇ. ತೆಗ್ದದ್ದ್."

ಹಳೆಯ ಕಡತಗಳ ಕೋಣೆಗೆ ಕರೆದುಕೊಂಡು ಹೋದೆ. ಕಪಾಟುಗಳ ನಡುವೆ ನಿಂತು ಸೆರಗು ಸರಿಸಿದೆ. ಕಮಲಾಕ್ಷರಿಗೂ ನಾನು ಬೆಳಕಿನಲ್ಲಿ ತೋರಿಸಿರಲಿಲ್ಲ. ಅವಳು ಕಣ್ಣು ತಿರುಗಿಸಲಿಲ್ಲ. ಒಂದು ಬೆರಳಿನಿಂದ ಕಲೆಯ ಆ ತುದಿಯಿಂದ ಈ ತುದಿಯವರೆಗೆ ಮುಟ್ಟಿದಳು.

"ನೋತ್ತಾ?"

"ಈಗ ಇಲ್ಲ. ಕೆಲವು ಕಡೆ ಮುಟ್ಟಿದ್ದೇ ಗೊತ್ತಾಗುವುದಿಲ್ಲ."

"ಮುಂಚೆ ಗೊತ್ತಿದ್ದಿರೆ ನೀವ್ ಟೆಸ್ಟ್ ಮಾಡ್ಸ್‌ಕಂತಿದ್ರಾ?"

"ಮಾಡಿಸಿಕೊಳ್ಳುತ್ತಿದ್ದೆ."

"ಹಾಂಗಾರೆ ಕೆರಾಡಿಯಂಗೆ ಎಂತಕ್ ಹೇಳ್ಲಿಲ್ಲ?"

ಅವಳು ನನ್ನ ಸೆರಗನ್ನು ತಾನೇ ಮೇಲೆಳೆದು, ಚಿಕ್ಕ ಮಕ್ಕಳಿಗೆ ಮಾಡುವ ಹಾಗೆ, ಹೆಗಲಿಗೆ ಪಿನ್ನು ಹಾಕಿದಳು. "ರತನ್‌ಗೆ ನಾನ್ ಹೇಳ್ತೆ. ನೀವ್ ಯಾರೂ ಹೇಳುಕಾಗ" ಎಂದು ಹೋದಳು. ಅರ್ಜಿ ಮೇಜಿನ ಮೇಲೇ ಉಳಿಯಿತು. ಆ ಚೌಕವೂ.

ಮೇ 6, ಸೋಮವಾರ

ರತನ್ ಕೇಳಿಸಿಕೊಂಡು, "ಅಬ್ಬಿ ಹತ್ರ ಕೇಂತೆ" ಎಂದನಂತೆ. ಆಮೇಲೆ ಶಿರೂರಿನಿಂದ ಫೋನಿಲ್ಲ. ಅಕ್ಕ ನನಗೆ ಮಾಡಿದಳು, "ಆಯ್ತಲೆ? ತಂಪಾಯ್ತಲೆ ಹೊಟ್ಟಿ?" ಎಂದಷ್ಟೇ. ಅಕ್ಕನ ಮನೆಯ ಮುಂದೆ ಚಪ್ಪರದ ಗಳ ತಂದು ರಾಶಿ ಹಾಕಿದ್ದಾರಂತೆ, ಕಟ್ಟುವವರಿಗೆ ಏನು ಹೇಳಬೇಕೆಂದು ಯಾರಿಗೂ ಗೊತ್ತಿಲ್ಲ.

ನಾನು ಸರಿಯಾದದ್ದನ್ನೇ ಮಾಡಿದೆ ಎಂದು ಈ ಪುಟದ ಮೇಲೆ ಎರಡು ಸಲ ಬರೆದು ಎರಡು ಸಲವೂ ಹೊಡೆದುಹಾಕಿದೆ.

ಮೇ 11, ಶನಿವಾರ

ಪದ್ದು ದೊಡ್ಡಮ್ಮ ಯಾರಿಗೂ ಹೇಳದೆ ಶಿರೂರಿಗೆ ಬಸ್ ಹತ್ತಿ ಹೋಗಿದ್ದಾರೆ. ಸಂಜೆ ನೇರ ಇಲ್ಲಿಗೇ ಬಂದು, ಜಗಲಿಯಲ್ಲಿ ಕಾಲು ಚಾಚಿ ವರದಿ ಒಪ್ಪಿಸಿದರು.

"ಗಂಡಿನ್ ಅಬ್ಬಿ ಹತ್ರ ಹೇಳ್ದೆ. ಕಾಣ್ ಮರಾಯ್ತಿ, ನಮ್ಮ್ ಬಳಿಗ್ ಇಂಥಾದ್ದೊಂದ್ ದೋಷ ಇತ್ತ್. ನಾವ್ ಮುಚ್ಚಿಡುವರಲ್ಲ."

"ಮುಚ್ಚಿಡುವವರಲ್ಲವಾ?"

"ನಡುವಂಗ್ ಬಾಯ್ ಹಾಕ್‌ಬ್ಯಾಡ. ಕಣ ಇಟ್ಟಾಯ್ತ್, ಈಗಳ್ ಅದ್ಕೆ ಬ್ರಮಾವರದಂಗ್ ಆಸ್ಪತ್ರಿಯೂ ಆಯ್ತ್ ಅಂದೆ. ಅವ್ಳ್ ಅಂದ್ಳ್, ದೋಷ ಅಂದ್ರೆ ಪರಿಹಾರ ಇತ್ತಲೆ, ಆಶ್ಲೇಷಾ ಬಲಿ ಮಾಡ್ಸಿ. ಮಳಿ ಕಳ್ದ್ ಮದ್ವಿ ಇಟ್ಕಂಬ ಅಂದೇಳಿ."

ಜೀನು ಎಂದಿದ್ದರೆ ಶಿರೂರಿನ ಬಾಗಿಲು ಮುಚ್ಚುತ್ತಿತ್ತು. ದೋಷ ಎಂದದ್ದಕ್ಕೆ ದೀಪಾವಳಿಯ ನಂತರ ಮುಹೂರ್ತ ನೋಡುತ್ತಾರಂತೆ. ಆ ಮಾತು ಡಿಸೆಂಬರಿನವರೆಗೆ ನಿಲ್ಲುತ್ತದೋ ಇಲ್ಲವೋ, ನಾಗನೇ ಬಲ್ಲ.

ದೊಡ್ಡಮ್ಮ ವೀಳ್ಯ ಬಾಯಿಗಿಟ್ಟು, ಆಚೀಚೆ ನೋಡಿ, ತಗ್ಗಿದ ದನಿಯಲ್ಲಿ, "ಹೊರ್ಡುವಾಗ ಅವ್ಳ್ ನನ್ನ ಬಾವಿಕಟ್ಟಿ ಹತ್ರ ಕರ್ದ್ ಕೇಂಡ್ಳ್, ಆ ಆಸ್ಪತ್ರಿಯಂಗ್ ಹೆಂಗ್ಸ್ ಡಾಕ್ಟ್ರ್ ಇದ್ರಾ ಅಂದೇಳಿ. ಕೈ ಇಲ್ಲ್ ಇಟ್ಕಂಡಿದ್ಳ್" ಎಂದು ತಮ್ಮ ಬಲ ಕಂಕುಳನ್ನು ತೋರಿಸಿದರು.

ತನ್ವಿಯ ಫೋನ್ ನಂಬರ್ ಬರೆದುಕೊಟ್ಟೆ.

ಮೇ 18, ಶನಿವಾರ

ಬೆಳಿಗ್ಗೆ ದೊಡ್ಡಮ್ಮ ಮತ್ತೆ ಬಂದು ನನ್ನ ಮಡಿಲಿಗೆ ಒಂದು ಕೆಂಪು ಕಣ ಹಾಕಿದರು. ಕೆರಾಡಿಯಲ್ಲಿ ಚೀಲದೊಳಗೆ ಉಳಿದಿದ್ದದ್ದು.

"ನಿಂಗಂದೇಳಿ ತೆಗ್ದಿದ್ದೆ. ಈ ಸರ್ತಿ ಇಡುಕಾತ್ತೇನೋ ಅಂದೇಳಿ ಹೆದ್ರಿಕಿ ಇದ್ದಿತ್. ಈಗಳ್ ಹೊಲ್ಸ್‌ಕೋ. ಮದ್ವಿಗ್ ಹಾಕಣ್."

ಸತ್ತವರ ಅಂಗಡಿಯಿಂದ ಮಾಲು ವಾಪಸ್ ಬಂದದ್ದು ನಮ್ಮ ಬಳಿಯಲ್ಲಿ ಇದೇ ಮೊದಲಿರಬೇಕು. ಬಣ್ಣ ಚೆನ್ನಾಗಿದೆ, ನನಗೆ ಒಪ್ಪುತ್ತದೆ.

ಮುತ್ತುವಿನ ಅಂಗಡಿಗೆ ಹೋದೆ. ಪರದೆ ಎಳೆದು ಟೇಪು ಹಿಡಿದವಳು ಒಮ್ಮೆ ನಿಂತಳು. ಆಮೇಲೆ ಟೇಪನ್ನು ಸರಿಮಾಡಿಕೊಂಡು, ಕುತ್ತಿಗೆ ಹೇಗಿರಲಿ ಎಂದು ಕೇಳುವ ದನಿಯಲ್ಲೇ ಕೇಳಿದಳು. "ಎಡ್ದ್ ಬದಿಗೆ ಹತ್ತಿ ಇಟ್ಟ್ ಹೊಲೂದಾ ಪುಷ್ಪಕ್ಕ, ಇದ್ದಾಂಗೇ ಹೊಲೂದಾ?"

"ಇದ್ದಾಂಗೇ" ಎಂದೆ.

"ಮುಂಚೆಯೇ ಹೇಳೂಕಾಗ್ದಾ? ನಾಕ್ ತಿಂಗ್ಳಿಂದ ಬಸ್ ಬಂತ್ ಬಸ್ ಬಂತ್ ಅಂತ್ರಿ. ಬಸ್ಸಿನ್ ಟೈಮ್ ನಂಗೊತ್ತಿಲ್ಯಾ?"

ಮಧ್ಯಾಹ್ನ ಧನ್ಯ ಬಂದಳು. ಅಕ್ಕ ಬಂದಿಲ್ಲ, ಹಪ್ಪಳ ಕಳಿಸಿದ್ದಾಳೆ. ಮುಂದಿನ ತಿಂಗಳು ಧನ್ಯ ಬ್ರಹ್ಮಾವರಕ್ಕೆ ಹೋಗುತ್ತಾಳೆ; ನಾನು ಜೊತೆಗೆ. "ಅಬ್ಬಿಯೂ ಬತ್ಳ್, ಕಾಣಿ. ನಾನ್ ಹೋಪುದ್ ಕಂಡ್ರೆ ಮನಿಯಂಗ್ ಕೂಕಂಬುಕಾತಿಲ್ಲೆ ಅವ್ಳಿಗೆ" ಎಂದಳು. ಹೆದರಿಕೆಯಾಗುತ್ತದಾ ಎಂದು ಕೇಳಿದೆ. "ಆತ್ತ್" ಎಂದಳು. ಅರ್ಧಕ್ಕರ್ಧದ ಅರ್ಧ ಎಷ್ಟೆಂದು ಇಬ್ಬರೂ ಲೆಕ್ಕ ಹಾಕಿ, ಅದರಿಂದ ಏನೂ ಪ್ರಯೋಜನವಿಲ್ಲವೆಂದು ಹಪ್ಪಳ ಸುಟ್ಟು ತಿಂದೆವು.

ಊಟದ ಮೇಜಿನ ಮೇಲೆ ಚಾರ್ಟನ್ನು ಹರಡಿ ಶುದ್ಧಪ್ರತಿ ಮಾಡಿದೆವು. ಚಂದು, ಮುತ್ತ, ಗೌರಿ, ಗೋಮತಿ. ನಾನು ಹೇಳುತ್ತ ಹೋದೆ, ಧನ್ಯ ಕಪ್ಪು ಮಾಡುತ್ತ ಹೋದಳು. ನನ್ನ ಸೊನ್ನೆ ಬಂದಾಗ ಅವಳು ಪೆನ್ನನ್ನು ನನ್ನ ಕೈಗೆ ಕೊಟ್ಟಳು, ನಾನೇ ತುಂಬಿಸಿದೆ. ದೊಡ್ಡಮ್ಮನದ್ದು ಬಿಳಿ. ಅಕ್ಕನದ್ದು ಖಾಲಿ. ಅದರ ಕೆಳಗಿನ ಖಾಲಿ ಸೊನ್ನೆಯ ಪಕ್ಕದಲ್ಲಿ ಧನ್ಯ, ಕರಡಿನಲ್ಲಿದ್ದ ಪ್ರಶ್ನೆಯ ಗುರುತನ್ನು ಬಿಟ್ಟು, ತನ್ನ ಪೂರ್ತಿ ಹೆಸರನ್ನೂ ವಯಸ್ಸನ್ನೂ ಬರೆದಳು. "ನಿಮ್ಗೆ ಗೊತ್ತಿರ್ಲಿಲ್ಲಲೆ" ಎಂದಳು.

ಚಾರ್ಟಿನ ಮೇಲ್ತುದಿಯಲ್ಲಿ ಆ ಹಳೆಯ ಪ್ರಶ್ನೆಯೇ ಇದೆ, ಕುಟುಂಬದಲ್ಲಿ ಯಾರಿಗಾದರೂ. "ಹೌದು" ಎಂಬ ಚೌಕದಲ್ಲಿ ಗೀಟು ಎಳೆದೆ. ಆ ಚೌಕ ಇಷ್ಟು ಚಿಕ್ಕದೆಂದು ಗೊತ್ತಿರಲಿಲ್ಲ, ಪೆನ್ನು ಆಚೆ ಹೋಯಿತು.

ಲಕೋಟೆ ಅಂಟಿಸಿ ಅಂಚೆ ಕಚೇರಿಗೆ ಹೋಗುವಷ್ಟರಲ್ಲಿ ಬಾಗಿಲು ಹಾಕಿದ್ದರು. ಸೋಮವಾರ ಮುತ್ತು ರವಿಕೆ ಕೊಡುತ್ತಾಳೆ. ಅದನ್ನು ತೊಟ್ಟುಕೊಂಡೇ ಹೋಗಿ ಲಕೋಟೆಯನ್ನು ಅಂಚೆಗೆ ಹಾಕುವುದು: ಮೇ 20, 2013.